ಪ್ರಾಣಿಗಳ ಹಸಿವು ಮತ್ತು ಮಿದುಳು

ಹಟ್ಟಿಯ ದನ ಮೇವಿಗೆ ಬಾಯಿ ಹಾಕದಿದ್ದರೆ ಹಸಿವಿಲ್ಲ ಎನ್ನುತ್ತೇವೆ. ಆದರೆ ಪ್ರಾಣಿ ತಿನ್ನಬೇಕಾದರೆ ಹೊಟ್ಟೆ ಖಾಲಿಯಾದರೆ ಸಾಲದು. ಆಹಾರದತ್ತ ಹೋಗುವ ಪ್ರೇರಣೆಯೂ ಬೇಕು. ಈ ಪ್ರೇರಣೆಯಲ್ಲಿ ಮಿದುಳಿನ ಡೋಪಮಿನ್ ಎಂಬ ರಾಸಾಯನಿಕಕ್ಕೆ ದೊಡ್ಡ ಪಾತ್ರವಿದೆ.

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಡೋಪಮಿನ್ ಉತ್ಪತ್ತಿಯಾಗದ ಸುಂಡಿಲಿಗಳನ್ನು ಬೆಳೆಸಿ, 1995ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಮರಿಗಳು ಕೆಲವೇ ವಾರಗಳಲ್ಲಿ ತಿನ್ನುವುದನ್ನು ಬಿಟ್ಟು ಸತ್ತವು. ದಿನವೂ ಎಲ್-ಡೋಪಾ ಔಷಧ ಪಡೆದವು ತಿಂದು ಬೆಳೆದವು. ಡೋಪಮಿನ್ ನಾಶವಾದ ಇಲಿಗಳ ನಾಲಿಗೆಗೆ ಸಿಹಿ ಹಾಕಿದಾಗ ಅವು ಬಾಯಿ ಚಪ್ಪರಿಸಿದವು. ರುಚಿ ಉಳಿದಿತ್ತು, ಬೇಕೆಂಬ ಆಸೆ ಹೋಗಿತ್ತು.

ಹಾಗೆಂದು ದನ ಮೇವು ಬಿಟ್ಟಾಗ ಡೋಪಮಿನ್ ಕೊರತೆಯೆಂದು ತಿಳಿಯಬಾರದು. ಸಾಮಾನ್ಯ ಕಾರಣ ಜ್ವರ, ಅಜೀರ್ಣ, ಹೊಟ್ಟೆಯುಬ್ಬರ. ಬಲವಂತವಾಗಿ ಅಕ್ಕಚ್ಚು ಹೊಯ್ದರೆ ಶ್ವಾಸಕೋಶಕ್ಕೆ ಇಳಿದೀತು. ಮೆಲುಕು, ಸೆಗಣಿ ಗಮನಿಸಿ. ತಡಮಾಡದೆ ಪಶುವೈದ್ಯರನ್ನು ಕರೆಯಿರಿ.