ಪರವಾನಗಿ ಶುಲ್ಕದ ಲೆಕ್ಕಾಚಾರ: ಬೆಂಗಳೂರಿನ ‘ರೇಡಿಯೊ ಸಿಟಿ’ಯ ನಿದರ್ಶನ

2001ರ ಜುಲೈ 3ರಂದು ಬೆಂಗಳೂರಿನಲ್ಲಿ ಪ್ರಸಾರ ಆರಂಭಿಸಿದ ‘ರೇಡಿಯೊ ಸಿಟಿ’ಯು ದೇಶದ ಪ್ರಥಮ ಖಾಸಗಿ ಎಫ್.ಎಂ. ಕೇಂದ್ರವೆನಿಸಿತು. ಅದರ ಸಂಗೀತವನ್ನು ಬಲ್ಲವರು ಹಲವರು. ಅದರ ಜಮಾಖರ್ಚನ್ನು ಗಮನಿಸಿದವರು ವಿರಳ. ವರ್ತಕರಿಗೆ ಎರಡನೆಯದೇ ಹೆಚ್ಚು ಉಪಯುಕ್ತ.

ವಾಯುತರಂಗಗಳು ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪಿತ್ತಿತು. 1999ರ ನೀತಿಯನ್ವಯ ಕೇಂದ್ರ ಸರ್ಕಾರವು 40 ನಗರಗಳ 108 ತರಂಗಾಂತರಗಳನ್ನು ಹರಾಜಿಗಿಟ್ಟಿತು. ಹರಾಜಿನ ಹುಮ್ಮಸ್ಸು ಎಂತಹುದೆಂಬುದನ್ನು ಎ.ಪಿ.ಎಂ.ಸಿ. ಪ್ರಾಂಗಣ ಕಂಡ ನಮ್ಮ ಸದಸ್ಯರಿಗೆ ವಿವರಿಸಬೇಕಾಗಿಲ್ಲ. ಬಿಡ್ ಕೂಗಿದವರು ಅನೇಕರು. ಕಟ್ಟಕಡೆಗೆ ಪ್ರಸಾರಕ್ಕೆ ಬಂದ ಕೇಂದ್ರಗಳು ಇಪ್ಪತ್ತರ ಆಸುಪಾಸು ಮಾತ್ರ.

ಕಾರಣವು ಷರತ್ತಿನಲ್ಲಿಯೇ ಅಡಗಿತ್ತು. ಪರವಾನಗಿಯ ಅವಧಿ ಹತ್ತು ವರ್ಷ. ಬಿಡ್ ಮಾಡಿದ ವಾರ್ಷಿಕ ಶುಲ್ಕವು ಪ್ರತಿ ವರ್ಷ ಶೇ. 15ರಷ್ಟು ಏರತಕ್ಕದ್ದು. ಮೊದಲ ವರ್ಷದ ಶುಲ್ಕ ರೂ. 1 ಲಕ್ಷವೆಂದು ಉದಾಹರಣೆಗೆ ಭಾವಿಸೋಣ. ಆರನೆಯ ವರ್ಷ ಅದು 2.01 ಲಕ್ಷ, ಹತ್ತನೆಯ ವರ್ಷ 3.52 ಲಕ್ಷ, ಒಟ್ಟು ಪಾವತಿ 20.30 ಲಕ್ಷ. ಏರಿಕೆಯಿಲ್ಲದಿದ್ದರೆ 10 ಲಕ್ಷದಲ್ಲಿ ಮುಗಿಯುತ್ತಿತ್ತು. ಆದಾಯವೂ ಇದೇ ವೇಗದಲ್ಲಿ ಏರಿದರಷ್ಟೇ ಭಾರ ಹೆಚ್ಚದು.

ಆದರೆ ಆದಾಯದ ಸ್ವರೂಪವೇನು? ಕೇಳುಗನು ಕಾಸು ಕೊಡುವುದಿಲ್ಲ. ಜಾಹೀರಾತುದಾರನು ಸೆಕೆಂಡುಗಳ ಲೆಕ್ಕದಲ್ಲಿ ಕೊಡುತ್ತಾನೆ. ಇಂದು ಸಂಜೆ ಮಾರಾಟವಾಗದ ಹತ್ತು ಸೆಕೆಂಡನ್ನು ಗೋದಾಮಿನಲ್ಲಿಟ್ಟು ನಾಳೆ ಮಾರಲಾಗದು. ಮೇಲಾಗಿ ಸ್ವಂತ ಸುದ್ದಿ ಪ್ರಸಾರಕ್ಕೆ ನಿಷೇಧವಿದ್ದುದರಿಂದ ಸಂಗೀತ ಮತ್ತು ಮಾತುಗಳಿಂದಲೇ ಕೇಳುಗರನ್ನು ಹಿಡಿದಿಡಬೇಕಾಗಿತ್ತು. ಹೀಗೆ ಆದಾಯ ಅನಿಶ್ಚಿತ, ಶುಲ್ಕ ನಿಶ್ಚಿತ. ಬಾಡಿಗೆ ಏರಿಕೆಯ ಕರಾರಿಗೆ ಸಹಿ ಹಾಕಿದ ಅಂಗಡಿ ಮಾಲೀಕನ ಪರಿಸ್ಥಿತಿಯೂ ಇದಕ್ಕಿಂತ ಭಿನ್ನವೇನಲ್ಲ.

ಉದ್ಯಮದ ಅಳಲನ್ನು ಪರಿಶೀಲಿಸಿದ ಅಮಿತ್ ಮಿತ್ರ ಸಮಿತಿಯು ಆದಾಯ ಹಂಚಿಕೆಯ ಪದ್ಧತಿಯನ್ನು ಶಿಫಾರಸು ಮಾಡಿತು. 2005ರ ಎರಡನೆಯ ಹಂತದ ನೀತಿಯಲ್ಲಿ ಒಂದು ಬಾರಿಯ ಪ್ರವೇಶ ಶುಲ್ಕ ಹಾಗೂ ವಾರ್ಷಿಕ ಒಟ್ಟು ಆದಾಯದ ಶೇ. 4ರಷ್ಟು ಪಾವತಿ ಎಂಬ ಕ್ರಮ ಜಾರಿಗೆ ಬಂದಿತು. ಹಳೆಯ ಕೇಂದ್ರಗಳಿಗೂ ಇದಕ್ಕೆ ಬದಲಾಗುವ ಅವಕಾಶ ದೊರೆಯಿತು. ಭಾರ ಇಳಿದೊಡನೆ ಪೈಪೋಟಿ ಏರಿತು: 2006ರಿಂದ ಬೆಂಗಳೂರಿನಲ್ಲಿ ಒಂದರ ಹಿಂದೊಂದು ಹೊಸ ಕೇಂದ್ರಗಳು ತಲೆಯೆತ್ತಿದವು. ‘ರೇಡಿಯೊ ಸಿಟಿ’ಯ ಒಡೆತನದ ಮ್ಯೂಸಿಕ್ ಬ್ರಾಡ್‌ಕಾಸ್ಟ್ ಸಂಸ್ಥೆಯು 2015ರಲ್ಲಿ ಜಾಗರಣ್ ಪ್ರಕಾಶನದ ವಶವಾಗಿ, 2017ರಲ್ಲಿ ಷೇರು ಪೇಟೆಯನ್ನು ಪ್ರವೇಶಿಸಿತು.

ಒಂದು ಅಂಶವನ್ನು ಮರೆಯಲಾಗದು. 2005ರ ಸೂತ್ರದಲ್ಲಿಯೂ ಕನಿಷ್ಠ ಮೊತ್ತವೊಂದಿತ್ತು: ಆದಾಯದ ಶೇ. 4 ಅಥವಾ ಆ ನಗರದ ಮೀಸಲು ಪ್ರವೇಶ ಶುಲ್ಕದ ಶೇ. 10, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ವ್ಯಾಪಾರ ಕುಗ್ಗಿದ ವರ್ಷದಲ್ಲಿಯೂ ಅಷ್ಟನ್ನಂತೂ ಕಟ್ಟಲೇಬೇಕಿತ್ತು.