ಪಿಟೀಲಿನ ಹಳೇ ಕಮಾನಿನಿಂದ ಅಂಟು ಬಿಡಿಸುವುದು

ಪಿಟೀಲಿನ ಹಳೇ ಕಮಾನಿನಲ್ಲಿ ಅಂಟು ಹೆಚ್ಚಾಗಿ ಕೂತಿರುವುದು ಹಿಡಿಯ ಹತ್ತಿರ. ಹೆಬ್ಬೆರಳು ಊರುವ ಜಾಗಕ್ಕೆ ತೆಳ್ಳನೆಯ ಚರ್ಮದ ಪಟ್ಟಿ, ಅದರ ಮುಂದಕ್ಕೆ ಬೆಳ್ಳಿ ತಂತಿಯ ಇಲ್ಲವೇ ರೇಷ್ಮೆ ದಾರದ ಸುತ್ತು ಇರುತ್ತದೆ. ನುಡಿಸುವವರ ಬೆವರಿಗೆ ಚರ್ಮ ಕೊಳೆತು ಉದುರುತ್ತದೆ, ದಾರ ಬಿಚ್ಚಿಕೊಳ್ಳುತ್ತದೆ. ಆಗ ಮನೆಯಲ್ಲಿ ಸಿಕ್ಕಿದ್ದನ್ನು ಸುತ್ತುವುದು ರೂಢಿ. ಕೋಲಾರ ಸೀಮೆಯ ಸುಗಟೂರು, ಶ್ರೀನಿವಾಸಪುರ, ಮುಳಬಾಗಿಲು ಕಡೆ ಹಾಗೆ ಮೊದಲು ಕೈಗೆ ಸಿಗುವುದು ಕರಿ ಇನ್ಸುಲೇಷನ್ ಟೇಪು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಬೋರ್‌ವೆಲ್ ಮೋಟಾರಿನ ವೈರಿಗಾಗಿ ಆ ಟೇಪನ್ನು ಇಟ್ಟುಕೊಳ್ಳದ ರೈತರ ಮನೆ ಅಪರೂಪ. ಈ ಬರಹಕ್ಕೆ ಆಧಾರವಾದ ಕಮಾನೂ ಅಂಥದೇ: ಹರಿಕಥೆಗೆ ಪಕ್ಕವಾದ್ಯ ನುಡಿಸುತ್ತಿದ್ದ ಹಿರಿಯರೊಬ್ಬರದು, ಸುಗಟೂರಿನ ಮನೆಯೊಂದರ ಕಬ್ಬಿಣದ ಟ್ರಂಕಿನಲ್ಲಿದ್ದದ್ದು. ಬೇಸಿಗೆಯ ಕಾವಿಗೆ ಟೇಪಿನ ಅಂಟು ಕರಗಿ, ಕಡ್ಡಿಯ ಮೇಲೆ ಹರಡಿ, ಧೂಳು ಹಿಡಿದು ಗಟ್ಟಿಯಾಗಿತ್ತು.

ಇಂದಿನ ಕಮಾನಿನ ಉದ್ದ, ಬಾಗು, ತಲೆಯ ಆಕಾರಗಳನ್ನು 18ನೇ ಶತಮಾನದ ಕೊನೆಯ ಹೊತ್ತಿಗೆ ಒಂದು ಹದಕ್ಕೆ ತಂದವನು ಪ್ಯಾರಿಸ್ಸಿನ ಫ್ರಾಂಸ್ವಾ ಕ್ಸೇವಿಯೆ ತೂರ್ತ್. ಒಳ್ಳೆಯ ಕಡ್ಡಿಗೆ ಅಂದಿನಿಂದಲೂ ಹೆಸರಾದದ್ದು ಬ್ರೆಜಿಲ್ಲಿನ ಪೆರ್ನಾಂಬುಕೊ ಮರ. 2007ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರ ಸೈಟೀಸ್ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿದೆ. ಹಾಳಾದರೆ ಅಂಥದೇ ಇನ್ನೊಂದು ಕಡ್ಡಿ ಸುಲಭಕ್ಕೆ ಸಿಗುವುದಿಲ್ಲ. ಇಡೀ ಕಮಾನಿನ ತೂಕ ಸುಮಾರು 60 ಗ್ರಾಂ, ಉದ್ದ ಸುಮಾರು 75 ಸೆಂಟಿಮೀಟರ್. ಇಷ್ಟು ಹಗುರವಾದದ್ದರಲ್ಲಿ ಒಂದೆರಡು ಗ್ರಾಂ ಮರ ಹೋದರೂ ನುಡಿಸುವ ಕೈಗೆ ಗೊತ್ತಾಗುತ್ತದೆ.

ಕೆಲಸಕ್ಕೆ ಕೂರುವ ಮೊದಲು ತಿಳಿದಿರಬೇಕಾದ ಮುಖ್ಯ ಸಂಗತಿ ಕಡ್ಡಿಯ ಪಾಲಿಶ್‌ಗೆ ಸಂಬಂಧಿಸಿದ್ದು. ಹಳೇ ಕಮಾನುಗಳ ಮೇಲಿರುವುದು ಬಹಳಮಟ್ಟಿಗೆ ಅರಗಿನ ತೆಳು ಪಾಲಿಶ್. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಉಗುರಿನ ಬಣ್ಣ ತೆಗೆಯುವ ಅಸಿಟೋನ್ ಕೂಡ ಪಾಲಿಶನ್ನು ಕೆಡಿಸುತ್ತದೆ. ಅಂಟು ಎಂದ ಕೂಡಲೇ ಎಲ್ಲರೂ ಕೈಗೆತ್ತಿಕೊಳ್ಳುವುದು ಇವೆರಡನ್ನೇ. ಸ್ಪಿರಿಟ್ ಹಚ್ಚಿ ಉಜ್ಜಿದರೆ ಅಂಟಿಗಿಂತ ಮೊದಲು ಪಾಲಿಶ್ ಎದ್ದು ಬರುತ್ತದೆ. ಸ್ಯಾನಿಟೈಸರ್‌ನಲ್ಲೂ ಇರುವುದು ಆಲ್ಕೋಹಾಲೇ ಆದ್ದರಿಂದ ಅದೂ ಬೇಡ. ಮರಳು ಕಾಗದದ ಮಾತಂತೂ ಎತ್ತಲೇಬಾರದು. ಹಿಡಿಯ ಭಾಗ ಸಾಮಾನ್ಯವಾಗಿ ಎಂಟು ಮುಖದ್ದು, ಉಜ್ಜಿದರೆ ಅದರ ಏಣುಗಳು ದುಂಡಗಾಗುತ್ತವೆ. ತಯಾರಕರ ಮುದ್ರೆ ಇರುವುದೂ ಅಲ್ಲೇ, ಹೆಚ್ಚಾಗಿ ಅಂಟಿನ ಅಡಿಯಲ್ಲೇ. ಮುದ್ರೆ ಅಳಿಸಿಹೋದ ಕಮಾನು ಯಾರದೆಂದು ಹೇಳುವುದು ಪರಿಣತರಿಗೂ ಕಷ್ಟ.

ಅಂಟು ಯಾವುದೆಂದು ಗುರುತಿಸುವುದಕ್ಕೆ ಬೆರಳೇ ಸಾಕು. ಬೆರಳಿಗೆ ಜಿಗುಟಾಗಿ ಅಂಟಿ ದಾರದಂತೆ ಎಳೆ ಬಂದರೆ ಟೇಪಿನದು. ಜೇನಿನ ಬಣ್ಣದಲ್ಲಿ ಗಾಜಿನಂತೆ ಬಿರಿದಿದ್ದು, ಒದ್ದೆ ಬೆರಳಿಟ್ಟರೆ ಸ್ವಲ್ಪ ಹೊತ್ತಿಗೆ ಮೆತ್ತಗಾದರೆ ಪ್ರಾಣಿಗಳ ತೊಗಲು, ಮೂಳೆ ಬೇಯಿಸಿ ಮಾಡುವ ಸರೇಸು. ನೀರು ತಾಗಿದಾಗ ಬೆಳ್ಳಗಾಗಿ ರಬ್ಬರಿನ ಹಾಗೆ ಮೆತ್ತಗಾಗುವುದು ಫೆವಿಕಾಲ್ ಜಾತಿಯದು. ಫೆವಿಕಾಲ್ ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ಅದಕ್ಕಿಂತ ಹಳೆಯ ರಿಪೇರಿ ಎಂದು ಖಾತ್ರಿಯಿದ್ದರೆ ಸರೇಸನ್ನೇ ಮೊದಲು ಊಹಿಸಬಹುದು. ಕೆಲವೊಮ್ಮೆ ಅಂಟೆಂದು ತೋರುವುದು ಅಂಟೇ ಆಗಿರುವುದಿಲ್ಲ. ಕಮಾನಿನ ಕೂದಲಿಗೆ ಹಚ್ಚುವ ರೋಸಿನ್ ಪುಡಿ ವರ್ಷಗಟ್ಟಲೆ ಒರೆಸದೆ ಬಿಟ್ಟರೆ ಕಡ್ಡಿಯ ಮೇಲೆ ಗಟ್ಟಿ ಪದರವಾಗಿ ನಿಲ್ಲುತ್ತದೆ. ಅದು ಹಿಡಿಯಲ್ಲಿರುವುದಿಲ್ಲ, ಕಡ್ಡಿಯ ನಡುಭಾಗದಲ್ಲಿರುತ್ತದೆ.

ಮುಂದಿನದು ಕೂದಲನ್ನು ಕಾಪಾಡುವುದು. ತುದಿಯ ತಿರುಪನ್ನು ಪೂರ್ತಿ ಬಿಚ್ಚಿದರೆ, ಹಿಡಿಯ ಕಡೆ ಕೂದಲನ್ನು ಹಿಡಿದಿರುವ ಫ್ರಾಗ್ ಎಂಬ ತುಂಡು ಕಡ್ಡಿಯಿಂದ ಬೇರೆಯಾಗಿ ಕೂದಲಿನ ಜೊತೆ ತೂಗುತ್ತದೆ. ಕೂದಲು ತಿರುಚಿಕೊಳ್ಳದ ಹಾಗೆ ಹಿಡಿದು ಎರಡನ್ನೂ ಒಣ ಕಾಗದದಲ್ಲಿ ಸುತ್ತಿಡಬೇಕು. ಕುದುರೆ ಬಾಲದ ಕೂದಲಿಗೆ ಒಂದು ಹನಿ ಎಣ್ಣೆ ತಾಗಿದರೂ ಅಲ್ಲಿ ರೋಸಿನ್ ಹಿಡಿಯುವುದಿಲ್ಲ, ತಂತಿ ನುಡಿಯುವುದಿಲ್ಲ. ಫ್ರಾಗ್‌ನಲ್ಲಿ ಮುತ್ತಿನ ಚಿಪ್ಪು ಕೂರಿಸಿರುವುದರಿಂದ ವಿನೆಗರ್, ನಿಂಬೆರಸ ಹತ್ತಿರ ತರಬಾರದು. ಚಿಪ್ಪಿನ ಸುಣ್ಣ ಹುಳಿಗೆ ಕರಗುತ್ತದೆ.

ಟೇಪಿನ ಅಂಟಿಗೆ ಮೊದಲ ಆಯ್ಕೆ ಬಟ್ಟೆಯ ಕಲೆ ತೆಗೆಯಲು ಬಳಸುವ ವೈಟ್ ಪೆಟ್ರೋಲ್. ಅರಗು ಅದರಲ್ಲಿ ಕರಗುವುದಿಲ್ಲ, ಟೇಪಿನ ಅಂಟು ಕರಗುತ್ತದೆ. ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಅಡುಗೆಮನೆ, ದೇವರ ದೀಪ, ಬೀಡಿ ಯಾವುದೂ ಹತ್ತಿರವಿರದ ಗಾಳಿಯಾಡುವ ಜಗುಲಿಯಲ್ಲಿ ಕೂರಬೇಕು. ಅದು ಸಿಗದಿದ್ದರೆ ನೀಲಗಿರಿ ಎಣ್ಣೆ. ಮಾಲೂರು, ಕೋಲಾರದ ಸುತ್ತ ನೀಲಗಿರಿ ತೋಪುಗಳನ್ನು ನೋಡುತ್ತ ಬೆಳೆದವರಿಗೆ ಅದರ ವಾಸನೆ ಹೊಸದಲ್ಲ, ಔಷಧಿ ಅಂಗಡಿಯಲ್ಲಿ ಸಣ್ಣ ಬಾಟಲಿ ದೊರೆಯುತ್ತದೆ. ಇದು ಪೆಟ್ರೋಲಿಗಿಂತ ನಿಧಾನ. ಕೆಲವು ವಾರ್ನಿಶ್‌ಗಳನ್ನು ಮೆತ್ತಗೂ ಮಾಡುತ್ತದೆ, ಆದ್ದರಿಂದ ಹಚ್ಚಿ ಹಾಗೇ ಬಿಡಬಾರದು. ಎರಡರಲ್ಲಿ ಯಾವುದನ್ನು ಬಳಸಿದರೂ ಫ್ರಾಗ್ ಕೂರುವ ಜಾಗದಲ್ಲಿ, ಅಂದರೆ ಹೊರಗೆ ಕಾಣದ ಕಡೆ, ಒಂದು ಚುಕ್ಕೆ ಹಚ್ಚಿ ಮೊದಲು ಪರೀಕ್ಷಿಸಬೇಕು.

ಸುಗಟೂರಿನ ಕಮಾನಿನಲ್ಲಿ ಕೆಲಸ ಸಾಗಿದ ಬಗೆ ಹೀಗೆ. ಹತ್ತಿ ಸುತ್ತಿದ ಕಡ್ಡಿಯನ್ನು ಪೆಟ್ರೋಲಿನಲ್ಲಿ ಅದ್ದಿ, ಹಿಂಡಿ, ಬೆರಳುಗುರಿನಷ್ಟು ಜಾಗವನ್ನು ಮಾತ್ರ ಒತ್ತಿಹಿಡಿದು, ಮೆತ್ತಗಾದ ಅಂಟನ್ನು ನಯ ಮಾಡಿದ ಬಿದಿರಿನ ಸೀಳಿನಿಂದ ಕಡ್ಡಿಯ ಉದ್ದಕ್ಕೆ ತಳ್ಳುವುದು. ಅಡ್ಡ ಎಳೆಯುವಂತಿಲ್ಲ. ಒಂದು ಸಲ ಬಳಸಿದ ಹತ್ತಿಯನ್ನು ಮತ್ತೆ ಬಳಸಿದರೆ ಅಂಟು ಇನ್ನೊಂದು ಕಡೆ ಮೆತ್ತಿಕೊಳ್ಳುತ್ತದೆ. ಮೊದಮೊದಲು ಹತ್ತಿ ಟಾರಿನಂತೆ ಕಪ್ಪಾಯಿತು, ಆಮೇಲೆ ಕಂದು, ಆಮೇಲೆ ಮಾಸಲು ಹಳದಿ. ಏಣಿನ ಪಕ್ಕದಲ್ಲಿ ಮುದ್ರೆಯ ಅಕ್ಷರಗಳ ಗೆರೆ ಕಾಣತೊಡಗಿದಾಗ ಬಿದಿರನ್ನೂ ಬಿಟ್ಟು ಬರೀ ಹತ್ತಿಯಿಂದ ಮುಂದುವರಿಯಬೇಕಾಯಿತು. ಎಲ್ಲಿ ನಿಲ್ಲಿಸಬೇಕೆಂದು ಹೇಳುವುದೂ ಈ ಹತ್ತಿಯೇ: ಅದರ ಮೇಲೆ ಕೊಳೆಯಿಲ್ಲದ ಶುದ್ಧ ಕೆಂಪು ಅಥವಾ ಕಿತ್ತಳೆ ಬಣ್ಣ ಬಂದರೆ ಬರುತ್ತಿರುವುದು ಪಾಲಿಶ್. ಆ ಕ್ಷಣವೇ ಕೈ ತೆಗೆಯಬೇಕು.

ಸರೇಸು ಮತ್ತು ಫೆವಿಕಾಲಿಗೆ ಉಗುರುಬೆಚ್ಚಗಿನ ನೀರು ಸಾಕು. ಹತ್ತಿಯನ್ನು ಚೆನ್ನಾಗಿ ಹಿಂಡಿ ಒಂದೆರಡು ನಿಮಿಷ ಇಟ್ಟು, ಮೆತ್ತಗಾದಷ್ಟನ್ನು ಎತ್ತಿ, ಕೂಡಲೇ ಒಣ ಬಟ್ಟೆಯಿಂದ ಒರೆಸಬೇಕು. ನೀರು ನಿಂತರೆ ಅರಗಿನ ಪಾಲಿಶ್ ಬೆಳ್ಳಗಾಗುತ್ತದೆ, ಮರದ ನಾರು ಎದ್ದುಕೊಳ್ಳುತ್ತದೆ. ಬೇಗ ಆಗಲೆಂದು ಹೇರ್ ಡ್ರೈಯರ್ ಹಿಡಿಯುವುದು ಅಪಾಯ. ಕಮಾನಿನ ಬಾಗನ್ನು ಮೂಲದಲ್ಲಿ ಕೂರಿಸಿರುವುದೇ ಒಣ ಶಾಖ ಕೊಟ್ಟು. ಅದೇ ಶಾಖ ಮತ್ತೆ ತಗುಲಿದರೆ ಬಾಗು ಸಡಿಲಗೊಳ್ಳುತ್ತದೆ ಅಥವಾ ಕಡ್ಡಿ ಪಕ್ಕಕ್ಕೆ ತಿರುಚುತ್ತದೆ.

ಫೆವಿಕ್ವಿಕ್ ಮತ್ತು ಅರಾಲ್ಡೈಟ್ ವಿಷಯ ಬೇರೆ. ಮೊದಲನೆಯದು ಅಸಿಟೋನಿಗೆ ಬಗ್ಗುತ್ತದೆ, ಆದರೆ ಅಸಿಟೋನ್ ಪಾಲಿಶನ್ನೂ ಜೊತೆಗೆ ಒಯ್ಯುತ್ತದೆ. ಎರಡನೆಯದು ಮನೆಯಲ್ಲಿ ಸಿಗುವ ಯಾವುದಕ್ಕೂ ಸುಲಭವಾಗಿ ಬಗ್ಗುವುದಿಲ್ಲ. ಅದರಲ್ಲೂ ಕಡ್ಡಿಯ ತಲೆಯ ಬಳಿ ಇವು ಕಂಡರೆ ಒಳಗೆ ಬಿರುಕು ಇರುವ ಸಂಭವ ಹೆಚ್ಚು, ಅಂಟೇ ತಲೆಯನ್ನು ಹಿಡಿದು ನಿಲ್ಲಿಸಿರಬಹುದು. ಅಂಥ ಕಮಾನನ್ನು ಮುಟ್ಟದೆ ಪಿಟೀಲು ರಿಪೇರಿಯವರ ಕೈಗೆ ಕೊಡುವುದೇ ಸರಿ.

ಅಂಟು ಹೋದ ಮೇಲೆ ಹೊಸ ಟೇಪು ಸುತ್ತಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಹಳೆಯ ಪದ್ಧತಿಯ ರೇಷ್ಮೆ ಸುತ್ತಿಗೆ ಕೋಲಾರ ಸೀಮೆಯಲ್ಲಿ ದಾರಕ್ಕೆ ಬರವಿಲ್ಲ. ದಾರದ ಎರಡು ತುದಿಗಳನ್ನೂ ಸುತ್ತಿನ ಅಡಿಯಲ್ಲೇ ತೂರಿಸಿ ಬಿಗಿದರೆ ಅಂಟೇ ಬೇಕಾಗುವುದಿಲ್ಲ. ಏಣುಗಳ ಸಂದಿಯಲ್ಲಿ ಹಳೇ ಅಂಟಿನ ಕಪ್ಪು ಗೆರೆಯೊಂದು ಉಳಿದಿದ್ದರೆ ಉಳಿಯಲಿ. ನಾದಕ್ಕೆ ಅದರಿಂದ ತೊಂದರೆಯಿಲ್ಲ, ಕೆದಕಿದರೆ ಮರಕ್ಕಿದೆ.