ಕಿಡ್ನಿ ಕಾಯಿಲೆಯ ಮಗುವಿಗೆ ಕೋವಿಡ್ ಬಂದರೆ

ನೆಫ್ರೋಟಿಕ್ ಸಿಂಡ್ರೋಮ್‌ಗೆ ಸ್ಟಿರಾಯ್ಡ್ ನುಂಗುತ್ತಿರುವ ಮಗು, ಡಯಾಲಿಸಿಸ್‌ನಲ್ಲಿರುವ ಮಗು, ಕಿಡ್ನಿ ಕಸಿಯಾದ ಮಗು: ಇವರಲ್ಲಿ ಹೆಚ್ಚಿನವರಿಗೆ ಕೋವಿಡ್ ನೆಗಡಿ, ಜ್ವರದಲ್ಲೇ ಮುಗಿದಿದೆ. ವೈರಸ್ಸಿನಷ್ಟೇ ಭಯ ಹುಟ್ಟಿಸುವುದು, ಗಾಬರಿಯಲ್ಲಿ ಮನೆಯವರೇ ಔಷಧಿ ಬದಲಿಸುವುದು.

ಮೊದಲನೆಯದು, ಸ್ಟಿರಾಯ್ಡ್ ನಿಲ್ಲಿಸಬೇಡಿ. ‘ಶಕ್ತಿ ಕುಗ್ಗಿಸುವ ಮಾತ್ರೆ, ಜ್ವರ ಬಿಡುವವರೆಗೆ ಬೇಡ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಕೇಳಬೇಡಿ. ತಿಂಗಳುಗಟ್ಟಲೆ ಪ್ರೆಡ್ನಿಸೊಲೋನ್ ತೆಗೆದುಕೊಂಡ ಮಗುವಿನ ಅಡ್ರಿನಲ್ ಗ್ರಂಥಿ ತನ್ನ ಹಾರ್ಮೋನು ತಯಾರಿಕೆಯನ್ನು ತಗ್ಗಿಸಿಬಿಟ್ಟಿರುತ್ತದೆ. ಮಾತ್ರೆ ಏಕಾಏಕಿ ನಿಂತರೆ ರಕ್ತದೊತ್ತಡ, ಸಕ್ಕರೆ ಎರಡೂ ಕುಸಿದು ಜೀವಕ್ಕೇ ಕುತ್ತು ಬರಬಹುದು. ದಿನ ಬಿಟ್ಟು ದಿನ ಮಾತ್ರೆ ಇದ್ದರೆ, ಜ್ವರದ ದಿನಗಳಲ್ಲಿ ದಿನಾಲೂ ಕೊಡಿ ಎಂದು ವೈದ್ಯರೇ ಹೇಳುವುದುಂಟು. ನುಂಗಿದ್ದೆಲ್ಲ ವಾಂತಿಯಾಗುತ್ತಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ, ಇಂಜೆಕ್ಷನ್ ಬೇಕಾದೀತು.

ಜ್ವರ ಬಂದ ದಿನವೇ ಕಿಡ್ನಿ ವೈದ್ಯರಿಗೆ ಫೋನ್ ಮಾಡಿ. ಮಗುವಿನ ತೂಕ, ಔಷಧಿಗಳ ಹೆಸರು, ಪ್ರಮಾಣ ಬರೆದ ಚೀಟಿ ಕೈಯಲ್ಲಿರಲಿ. ರೋಗನಿರೋಧಕ ಶಕ್ತಿ ತಗ್ಗಿಸುವ ಟ್ಯಾಕ್ರೊಲಿಮಸ್, ಮೈಕೊಫೆನೊಲೇಟ್ ಕಡಿಮೆ ಮಾಡಬೇಕೇ ಎಂಬುದು ಅವರ ತೀರ್ಮಾನ. ಬೇರೆ ವೈದ್ಯರ ಬಳಿ ಹೋದರೂ ಅದೇ ಚೀಟಿ ತೋರಿಸಿ: ಕ್ಲಾರಿತ್ರೊಮೈಸಿನ್, ಪ್ಯಾಕ್ಸ್‌ಲೋವಿಡ್‌ನಂಥವು ರಕ್ತದಲ್ಲಿ ಟ್ಯಾಕ್ರೊಲಿಮಸ್ ಏರಿಸಿ ಕಿಡ್ನಿಗೇ ಪೆಟ್ಟು ಕೊಡುತ್ತವೆ.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಕಿಲೋ ತೂಕಕ್ಕೆ 15 ಮಿ.ಗ್ರಾಂ, ಆರು ಗಂಟೆಗೊಮ್ಮೆ. ಸಿರಪ್‌ನ 5 ಮಿಲಿಯಲ್ಲಿ 120 ಇದೆಯೋ 250 ಇದೆಯೋ ಬಾಟಲಿ ನೋಡಿ ಅಳೆಯಿರಿ. ಐಬುಪ್ರೊಫೆನ್, ಮೆಫೆನಮಿಕ್ ಆಸಿಡ್ ಖಂಡಿತ ಬೇಡ.

ಜ್ವರ ಎಂದೊಡನೆ ನಮ್ಮಲ್ಲಿ ಎಳನೀರು ಒಡೆಯುತ್ತೇವೆ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಕಿಡ್ನಿ ಸೋತ ಮಗುವಿಗೆ, ಡಯಾಲಿಸಿಸ್ ಮಗುವಿಗೆ ಅದು ಹೃದಯ ಬಡಿತವನ್ನೇ ಏರುಪೇರು ಮಾಡಬಲ್ಲದು. ಅಮೃತಬಳ್ಳಿ ಕಷಾಯವೂ ಬೇಡ. ಕಸಿಯಾದ ಮಗುವಿನಲ್ಲಿ ರೋಗನಿರೋಧಕ ಶಕ್ತಿಯನ್ನು ಕೆರಳಿಸುವುದು ಸಲ್ಲದು. ವಾಂತಿ, ಭೇದಿ ಹೆಚ್ಚಿದ್ದರೆ ರಕ್ತದೊತ್ತಡದ ಮಾತ್ರೆ ಎನಲಾಪ್ರಿಲ್ ಒಂದೆರಡು ದಿನ ತಡೆಹಿಡಿಯಬೇಕೇ ಎಂದು ಕೇಳಿಕೊಳ್ಳಿ.

ನೆಫ್ರೋಟಿಕ್ ಮಗುವಿಗೆ ದಿನಾ ಬೆಳಗ್ಗೆ ತೂಕ ನೋಡಿ, ಮೊದಲ ಮೂತ್ರದಲ್ಲಿ ಪ್ರೋಟೀನ್ ಪರೀಕ್ಷಿಸಿ. ಸಾಮಾನ್ಯ ನೆಗಡಿಯಿಂದಲೂ ಈ ಕಾಯಿಲೆ ಮರುಕಳಿಸಬಹುದು. ಸತತ ಮೂರು ದಿನ 3+ ಬಂದರೆ, ಅಥವಾ ಅದಕ್ಕೂ ಮೊದಲೇ ಕಣ್ಣ ಸುತ್ತ ಊದಿಕೊಂಡರೆ, ವೈದ್ಯರಿಗೆ ತಿಳಿಸಿ.

ಉಸಿರು ಏರುತ್ತಿದ್ದರೆ, ಪಕ್ಕೆ ಒಳಸೇರುತ್ತಿದ್ದರೆ, ಆಕ್ಸಿಜನ್ 94ಕ್ಕಿಂತ ಇಳಿದರೆ, ಮೂತ್ರ ಕಡಿಮೆಯಾದರೆ, ಮಗು ಮಂಕಾದರೆ ರಾತ್ರಿಯಾದರೂ ಹೊರಡಿ. ಊದಿದ ಮಗುವಿಗೆ ಜ್ವರದ ಜೊತೆ ಹೊಟ್ಟೆನೋವು ಬಂದರೆ ಅದು ಹೊಟ್ಟೆಯೊಳಗಿನ ಸೋಂಕಾಗಿರಬಹುದು. ಡಯಾಲಿಸಿಸ್ ಮಾತ್ರ ತಪ್ಪಿಸಬೇಡಿ. ಕೇಂದ್ರಕ್ಕೆ ಮೊದಲೇ ಹೇಳಿದರೆ ಪ್ರತ್ಯೇಕ ವ್ಯವಸ್ಥೆ ಮಾಡಿಕೊಳ್ಳುತ್ತಾರೆ.

ಜ್ವರ ಬಿಟ್ಟ ಮೇಲೂ ಎರಡರಿಂದ ಆರು ವಾರ ಗಮನವಿರಲಿ. ಮತ್ತೆ ಜ್ವರ, ಮೈಮೇಲೆ ದದ್ದು, ಕೆಂಪು ಕಣ್ಣು, ಹೊಟ್ಟೆನೋವು ಕಂಡರೆ ಕೋವಿಡ್ ಆಗಿತ್ತೆಂದು ಹೇಳಿ ತೋರಿಸಿ. ರೋಗನಿರೋಧಕ ಶಕ್ತಿ ಕುಂದಿದ ಮಕ್ಕಳ ದೇಹದಲ್ಲಿ ವೈರಸ್ ಹೆಚ್ಚು ದಿನ ಉಳಿಯಬಹುದು. ಶಾಲೆಗೆ ಯಾವಾಗ ಕಳಿಸಬೇಕೆಂದು ಅವರ ವೈದ್ಯರನ್ನೇ ಕೇಳಿ.